ಫೋನು ಸುಮ್ಮನಿದ್ದ ದಿನ

ವ್ಯಾಪಾರ ಇಲಾಖೆಯಿಂದ ಎಸ್ಸೆಮ್ಮೆಸ್ ಬಂದರೆ ನಮ್ಮ ಜೊತೆಯ ನಬ್ವಿರೆ, ಬುಸಿಯಾ ಎಂಬ ಗಡಿಯೂರಿನಲ್ಲಿ ನಿಂತು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಬಾರದಿದ್ದರೆ ನಿಯಮ ಬದಲಾಗಿಲ್ಲ ಎಂದೇ ಅರ್ಥ. ಮೊಟ್ಟೆ ಮಾರುವ ನಾವು ಹನ್ನೊಂದು ಜನ ಹೆಂಗಸರು ಆರು ವರ್ಷ ಅವಳ ಗುಂಡಿ ಒತ್ತುವ ಹಳೇ ಫೋನನ್ನೇ ನಂಬಿ ಗಡಿ ದಾಟಿದೆವು.

ಅಂದೂ ಫೋನು ಸುಮ್ಮನಿತ್ತು. "ಏನೂ ಇಲ್ಲ, ನಡೀರೇ" ಎಂದಳು.

ಗೇಟಿನಲ್ಲಿ ಅಧಿಕಾರಿ ಅಷ್ಟೂ ಮೊಟ್ಟೆ ಕಿತ್ತುಕೊಂಡ. "ಮೊಟ್ಟೆ ನಿಷೇಧ ಆಗಿ ಮೂರು ದಿನ ಆಯ್ತು. ಈಗ ಎಸ್ಸೆಮ್ಮೆಸ್ ಇಲ್ಲಮ್ಮ, ಎಲ್ಲಾ ಹೊಸ ಆ್ಯಪಲ್ಲೇ ಬರೋದು."

"ಅದನ್ನಾದ್ರೂ ಹೇಳ್ಬೇಕಿತ್ತಲ್ವಾ ಸ್ವಾಮಿ?" ನಬ್ವಿರೆ ತನ್ನ ಫೋನನ್ನು ಅವನ ಮುಂದೆ ಹಿಡಿದಳು.

"ಹೇಳಿದೀವಲ್ಲ, ಆ ಆ್ಯಪಲ್ಲೇ."

ಅವನನ್ನು ಬೈಯುವ ಧೈರ್ಯ ನಮ್ಮಲ್ಲಿ ಒಬ್ಬಳಿಗೂ ಇರಲಿಲ್ಲ. ದಾರಿಯುದ್ದಕ್ಕೂ ನಬ್ವಿರೆಯನ್ನೇ ಬೈದೆವು.