ಉಸಿರು ಬಿಟ್ಟ ಮೇಲೆ

ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ಎದುರುಮನೆ ಆಂಟಿಯ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಜಾಲಹಳ್ಳಿಯ ವಾಚ್ ಕಾರ್ಖಾನೆಯಲ್ಲಿ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಿಂದ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತ ವಯಸ್ಸು ಕಳೆದವರು. ನಿವೃತ್ತಿಯಾದ ಮೇಲೂ ಬೇಳೆಯಲ್ಲಿ ಕಲ್ಲು ಹುಡುಕುವಾಗ, ಬದನೆಕಾಯಿಯಲ್ಲಿ ಹುಳು ನೋಡುವಾಗ, ಕೊನೆಗೆ ನನಗೆ ಬಂದ ಗಂಡಿನ ಫೋಟೊ ನೋಡುವಾಗಲೂ ಅದೇ ಒಕ್ಕಣ್ಣು. ಆ ಫೋಟೊದವನನ್ನೇ ನಾನು ಮದುವೆಯಾದೆ. ಆಂಟಿ ಪಾಸು ಮಾಡಿದ ಮೇಲೆ ಬೇರೆ ದಾರಿ ಎಲ್ಲಿತ್ತು?

ಅಂಥವರ ಕೈಗೇ ಎಪ್ಪತ್ತು ದಾಟಿದ ಮೇಲೆ ನಡುಕ ಬಂತು. ಕಾಫಿ ಚೆಲ್ಲಿದರೆ ಸಾಸರಿಗೂ ರುಚಿ ಗೊತ್ತಾಗಲಿ ಎಂದು ನಗುತ್ತಿದ್ದರು. ಅವರ ಯಜಮಾನರಿಗೆ, ಅಂದರೆ ನಮ್ಮ ಅಂಕಲ್‌ಗೆ, ಲಕ್ವ ಹೊಡೆದ ಮೇಲೆ ಆ ನಗು ನಿಂತಿತು. ಅಂಕಲ್‌ಗೆ ಮಾತೂ ಇಲ್ಲ, ಬಲಗೈಯೂ ಇಲ್ಲ. ಆಂಟಿ ಕುಡಿಸುವ ಗಂಜಿ ಅರ್ಧ ಅವರ ಎದೆಯ ಮೇಲೆ. ಜೊತೆಯಲ್ಲೇ ಇದ್ದ ಮಗ, ಒಳ್ಳೆಯವನೇ, ಊಟ ಮಾಡಿಸಲು ಒಬ್ಬ ನರ್ಸನ್ನು ಗೊತ್ತುಮಾಡುತ್ತೇನೆಂದ. ಆಂಟಿ ನಮ್ಮ ಅಡುಗೆಮನೆಗೆ ಬಂದು ಕೂತರು.

"ಬೇರೆಯವರ ಕೈಲಿ ತಿನ್ನೋಕೆ ಅವ್ರಿಗೆ ನಾಚಿಕೆ ಕಣೇ. ಅವ್ರಿರೋವರ್ಗಾದ್ರೂ ನನ್ನ ಕೈ ನಿಲ್ಬೇಕು."

ನಡುಕ ಪೂರ್ತಿ ಹೋಗುವಂಥದ್ದಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಆದರೆ ಗಾಬರಿಯಾದಾಗ ನರಗಳು ಇನ್ನಷ್ಟು ಕೆರಳುತ್ತವೆ, ಮಾತ್ರೆಯ ಜೊತೆಗೆ ದಿನಾ ಸ್ವಲ್ಪ ಹೊತ್ತು ಧ್ಯಾನ ಮಾಡಿ ನೋಡಿ ಎಂದರು. ಆಂಟಿ ಪಾರ್ಕಿನ ಧ್ಯಾನದ ಕ್ಲಾಸಿಗೆ ನನ್ನನ್ನೂ ಎಳೆದುಕೊಂಡು ಹೋದರು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಕಡಿಮೆ, ಹೋದದ್ದು ವಾಪಸು ಬರುವಾಗಿನ ಇಡ್ಲಿಯ ಆಸೆಗೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಕದ್ದು ಕಣ್ಣು ಬಿಟ್ಟೆ. ಪಕ್ಕದಲ್ಲಿ ಆಂಟಿಯ ಮುಖ ಕೆಂಪೇರಿತ್ತು. ತೊಡೆಯ ಮೇಲಿನ ಕೈ ಎಂದಿಗಿಂತ ಜಾಸ್ತಿ ಅದುರುತ್ತಿತ್ತು.

ಹೇಳಿಕೊಡುತ್ತಿದ್ದ ಮೇಷ್ಟ್ರು ಓಡಿಬಂದು, ಯಾಕಮ್ಮ ಉಸಿರು ಕಟ್ಟಿದ್ದೀರಿ ಎಂದು ಕೇಳಿದರು.

"ಕೈ ನಿಲ್ಬೇಕು ಅಂದ್ರೆ ಉಸಿರು ಹಿಡೀಬೇಕಲ್ವಾ ಸಾರ್? ಫ್ಯಾಕ್ಟ್ರೀಲಿ ನಾವೆಲ್ಲ ಹಂಗೇ ಮಾಡ್ತಿದ್ದಿದ್ದು."

"ಇಲ್ಲಿ ಏನೂ ಜೋಡಿಸ್ಬೇಕಾಗಿಲ್ಲಮ್ಮ. ಬಿಡಿ, ನಿಧಾನವಾಗಿ ಬಿಡಿ."

ಬಿಟ್ಟರು. ಬಿಡುತ್ತಾ ಅತ್ತೂಬಿಟ್ಟರು. ಇಡ್ಲಿ ತಿನ್ನುವಾಗ, ಕೆಲಸ ಬಿಟ್ಟು ಇಷ್ಟು ಕಾಲವಾದರೂ ಉಸಿರು ಮಾತ್ರ ಹಿಡಿದುಕೊಂಡೇ ಇದ್ದೇನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಆಮೇಲೆ ಪವಾಡವೇನೂ ನಡೆಯಲಿಲ್ಲ. ಮಳೆಯಿರಲಿ, ಪೀಣ್ಯದ ಕಡೆಯ ಲಾರಿಗಳ ಹಾರನ್ ಇರಲಿ, ಆಂಟಿ ಒಂದು ದಿನವೂ ಧ್ಯಾನಕ್ಕೆ ಕೂರುವುದನ್ನು ತಪ್ಪಿಸಲಿಲ್ಲ, ಅಷ್ಟೇ. ಕೈ ಅದುರುತ್ತಲೇ ಇತ್ತು, ಆದರೆ ಅದುರಿದ್ದಕ್ಕೆ ಹೆದರಿ ಇನ್ನಷ್ಟು ಅದುರುವುದು ನಿಂತಿತು. ಚಮಚ ಎತ್ತುವ ಮೊದಲು ಉದ್ದಕ್ಕೆ ಉಸಿರು ಬಿಡುವರು. ಅಂಕಲ್ ಆಂಟಿಯ ಭುಜವನ್ನೇ ನೋಡುತ್ತ ಕಾಯುವರು. ಭುಜ ಇಳಿದ ಕೂಡಲೇ ಬಾಯಿ ತೆರೆಯುವರು. ಒಂದು ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ಎರಡು ಸಲ ಬಿಸಿ ಮಾಡಬೇಕಾಗುತ್ತಿತ್ತು. ಅವರಿಬ್ಬರಿಗೂ ಅದರ ಚಿಂತೆ ಇರಲಿಲ್ಲ. ನೋಡುತ್ತಿದ್ದ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ನರ್ಸಿನ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಅಂಕಲ್ ಕೊನೆಯವರೆಗೂ ಹೆಂಡತಿಯ ಕೈಯಲ್ಲೇ ಉಂಡು ಹೋದರು.

ಹೋದ ವರ್ಷ ಆಂಟಿಯೂ ಹಾಸಿಗೆ ಹಿಡಿದರು. ಒಂದು ದಿನ ಮಗ ಔಷಧಿ ತರಲು ಹೋದಾಗ ನಾನು ಅವರ ಪಕ್ಕ ಕೂತಿದ್ದೆ. ನೀರು ಬೇಕೆಂದು ಸನ್ನೆ ಮಾಡಿದರು. ಬತ್ತಿಹೋಗಿದ್ದ ಆ ಮುಖ ನೋಡಿ ನನಗೆ ದುಃಖ ಒತ್ತರಿಸಿತು. ನನ್ನ ಕೈ ನಡುಗಿ ಮೊದಲ ಚಮಚದ ನೀರು ಅವರ ಕೆನ್ನೆಗೆ ಹರಿಯಿತು. ಆಂಟಿ ಎಡಗಣ್ಣು ಮುಚ್ಚಿ ನನ್ನನ್ನೇ ನೋಡಿದರು.

"ಹಿಡ್ಕೋಬೇಡ್ವೇ. ಉಸಿರು ಬಿಡು, ಆಮೇಲೆ ಕೊಡು."

ಬಿಟ್ಟೆ. ನನ್ನ ಭುಜ ಇಳಿಯುವವರೆಗೂ ಕಾದು, ಆಮೇಲೆ ಅವರು ಬಾಯಿ ತೆರೆದರು.