ಗಂಡನ ಹೆಸರಿನ ಪ್ರಶ್ನೆ

ನಿಜಾಮರ ಕಾಲ. ಮುಪ್ಪಿನ ಮರೆವಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಡಾಕ್ಟರೊಬ್ಬರು ಹತ್ತು ಪ್ರಶ್ನೆ ಬರೆದುಕೊಟ್ಟು, ಕಂಪೌಂಡರ್ ಆಗಿದ್ದ ನನ್ನನ್ನು ಊರೂರಿಗೆ ಅಟ್ಟಿದ್ದರು. ಬೇವೂರಿನಲ್ಲಿ ನೀಲಮ್ಮ ಎಂಬ ಮುದುಕಿ ಎದುರು ಕೂತಳು. ಗಂಡ ತೀರಿಕೊಂಡ ಮೇಲೆ ಹೊಲದ ಯಜಮಾನಿಕೆ ಆಕೆಯದೇ. ಮರೆವು ಇದೆ ಅಂತ ನಾನು ಬರೆದರೆ ಹೊಲ ತನ್ನ ಕೈಗೆ ಬರುತ್ತದೆಂದು ಮೈದುನನ ಮಗ ಪಕ್ಕದಲ್ಲೇ ನಿಂತಿದ್ದ.

ಮೊದಲ ಪ್ರಶ್ನೆ, ಗಂಡನ ಹೆಸರು. ಮುದುಕಿ ನೆಲ ನೋಡಿದಳು. ಮತ್ತೆ ಕೇಳಿದೆ, ತುಟಿ ಬಿಚ್ಚಲಿಲ್ಲ.

"ನೋಡ್ರಿ, ನಮ್ಮ ದೊಡ್ಡವ್ವಗ ಗಂಡನ ಹೆಸರೂ ನೆನಪಿಲ್ಲ. ಬರಕೋರಿ," ಅಂದ ಅವನು.

ನಾನು ಸೊನ್ನೆ ಬರೆದೇಬಿಟ್ಟೆ. ಆಮೇಲೆ ನನಗೇ ನಾಚಿಕೆಯಾಯಿತು. ನನ್ನ ಹೆಂಡತಿಯಾದರೂ ಎಂದು ನನ್ನ ಹೆಸರು ಬಾಯಿಬಿಟ್ಟು ಹೇಳಿದ್ದಾಳೆ? ಸೊನ್ನೆ ಹೊಡೆದುಹಾಕಿದೆ. ತಡವಾಯಿತೆಂದು ಡಾಕ್ಟರು ಬೈದರೂ ಸರಿ, ಉತ್ತರ ಸಿಗದೆ ಏಳುವುದಿಲ್ಲ ಅಂತ ಚಾಪೆಯ ಮೇಲೆ ಗಟ್ಟಿಯಾಗಿ ಕೂತೆ.

"ಅವ್ವಾ, ಮದುವ್ಯಾಗ ಹೆಸರು ಸೇರಿಸಿ ಒಡಪು ಹೇಳಿದ್ರಲ್ಲ, ಅದನ್ನ ಹೇಳ್ರಿ."

ಆಕೆ ಸೆರಗು ಸರಿಮಾಡಿಕೊಂಡಳು. "ಕಣದಾಗ ತುಂಬೈತಿ ಬಿಳಿಜ್ವಾಳದ ತೆನಿ, ಬಸವಂತಪ್ಪನವರು ಬಂದು ಬೆಳಗ್ಯಾರ ಈ ಮನಿ!"

ಮೈದುನನ ಮಗನ ಮುಖ ಸಪ್ಪಗಾಯಿತು. ನಾನು ಖುಷಿಯಿಂದ ಪೂರಾ ಅಂಕ ಬರೆದೆ.

"ಈಗ ನಿಮ್ಮ ಮನಿಯಾಕಿ ಹೆಸರು ಹೇಳ್ರಿ," ಅಂದಳು ಮುದುಕಿ.

ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟು ಜನರೆದುರು ಹೆಂಡತಿಯ ಹೆಸರು ಹೇಳುವುದೇ? ನಾನೂ ನೆಲ ನೋಡಿದೆ.

ಆಕೆ ಮೈದುನನ ಮಗನತ್ತ ತಿರುಗಿದಳು. "ಪಾಪ, ಇವರಿಗೂ ಮರವು ಬಂದೈತಿ. ಬರಕೋ."