ಎಡಗಡೆಯ ಬಾಗಿಲು

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಏನಾದರೂ ಎಡವಟ್ಟಾದರೆ ಒಂದು ಫಾರಂ ತುಂಬಬೇಕು. ಏನಾಗಬೇಕಿತ್ತು, ಏನಾಯಿತು, ಏಕಾಯಿತು ಎಂದು ಮೂರು ಪ್ರಶ್ನೆ. ಮೂರನೆಯದಕ್ಕೆ 'ಕೆಲಸ ಮಾಡಿದವರ ತಪ್ಪು' ಎಂದು ಬರೆದರೆ ನಮ್ಮ ಮೇಲಧಿಕಾರಿ ಓದದೆ ವಾಪಸು ಕಳಿಸುತ್ತಾರೆ. ಎರಡು ಬಾಟಲಿಗಳು ಅದಲುಬದಲಾದರೆ, ಒಂದೇ ಬಣ್ಣದ ಮುಚ್ಚಳ ಹಾಕಿಕೊಂಡು ಅವು ಒಂದೇ ಕಪಾಟಿನಲ್ಲಿ ಏಕಿದ್ದವು ಎಂದು ಕೇಳಬೇಕು. ಎತ್ತಿಕೊಂಡ ಕೈ ಯಾರದು ಎಂದು ಕೇಳಬಾರದು. ನಾಲ್ಕು ವರ್ಷಗಳಲ್ಲಿ ಇಂಥ ಫಾರಂಗಳನ್ನು ಬರೆದೂ ಬರೆದೂ ಬೇಸರವಾಗಿತ್ತು. ಆಫೀಸಿನ ಹೊರಗೂ ಒಂದನ್ನು ತುಂಬಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಮನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕೆಲಸ ಪಕ್ಕದ ಊರಾದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮನೆಯಿಂದ ರೈಲು ನಿಲ್ದಾಣದವರೆಗೆ ಸೈಕಲ್ಲು, ಅಲ್ಲಿಂದ ಸೈಕಲ್ಲನ್ನೂ ಹತ್ತಿಸಿಕೊಂಡು ರೈಲು. ಸಹೋದ್ಯೋಗಿಗಳು ಇದನ್ನು ವ್ಯಾಯಾಮ ಎಂದುಕೊಂಡಿದ್ದರು. ಸೈಕಲ್ಲಿನ ಮೇಲಿದ್ದಾಗ ಯಾರೂ ನನ್ನನ್ನು ಮಾತಾಡಿಸುವುದಿಲ್ಲ ಎಂಬ ನಿಜವಾದ ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಡ್ರೈವರಿಲ್ಲದ ಟ್ಯಾಕ್ಸಿಗಳು ನಮ್ಮ ಬೀದಿಗೆ ಬಂದ ಹೊಸತರಲ್ಲಿ ಜನ ನಿಂತು ಫೋಟೋ ತೆಗೆಯುತ್ತಿದ್ದರು. ಆಮೇಲೆ ಅವು ಕಸದ ಲಾರಿಯಷ್ಟೇ ಮಾಮೂಲಾದವು. ನನಗೆ ಅವುಗಳ ಮೇಲೆ ದೂರು ಇರಲಿಲ್ಲ. ಮನುಷ್ಯರು ಓಡಿಸುವ ಕಾರುಗಳಿಗಿಂತ ಹೆಚ್ಚು ಜಾಗ ಬಿಡುತ್ತಿದ್ದವು, ಹಾರ್ನ್ ಹೊಡೆದು ಬೆಚ್ಚಿಬೀಳಿಸುತ್ತಿರಲಿಲ್ಲ. ನಾಲ್ಕು ರಸ್ತೆ ಕೂಡುವ ಕಡೆ ಮಾತ್ರ ಕಷ್ಟ. ಎದುರಿನ ಕಾರಿನವರ ಕಣ್ಣು ನೋಡಿ, ಅವರು ತಲೆ ಆಡಿಸಿದ ಮೇಲೆ ಮುಂದೆ ಹೋಗುವುದು ನನ್ನ ರೂಢಿ. ಇವುಗಳಲ್ಲಿ ನೋಡಲು ಕಣ್ಣಿಲ್ಲ. ಖಾಲಿ ಸೀಟನ್ನು ಒಂದು ಕ್ಷಣ ನೋಡಿ, ಸುಮ್ಮನೆ ಹೊರಡುತ್ತಿದ್ದೆ.

ಆ ಮಂಗಳವಾರ ಮಂಜು ಇನ್ನೂ ಕರಗಿರಲಿಲ್ಲ. ಸಾರ್ವಜನಿಕ ಈಜುಕೊಳದ ಮುಂದೆ ಅಂಥದೊಂದು ಬಿಳಿ ಟ್ಯಾಕ್ಸಿ ಫುಟ್‌ಪಾತಿಗೆ ಅಂಟಿಕೊಂಡು, ನಿಲ್ಲಬೇಕಾದ ಜಾಗದಲ್ಲೇ ನಿಂತಿತ್ತು. ಅದರ ಎಡಕ್ಕೆ ಸೈಕಲ್ ದಾರಿ. ಇಳಿಯುವವರು ಬಲಗಡೆ ಫುಟ್‌ಪಾತಿಗೆ ಇಳಿಯುತ್ತಾರೆ ಎಂದು ನಾನು ವೇಗ ಕಡಿಮೆ ಮಾಡಲಿಲ್ಲ. ಎಡಗಡೆಯ ಹಿಂಬಾಗಿಲು ತೆರೆದುಕೊಂಡಿತು.

ಬಾಗಿಲಿನ ಅಂಚು ಹ್ಯಾಂಡಲಿನ ಬಲತುದಿಗೆ ಬಡಿಯಿತು. ನಾನು ಎಡಕ್ಕೆ, ಕಾರುಗಳು ಓಡುವ ಕಡೆಗೆ, ಎಡಗೈ ಊರಿ ಬಿದ್ದೆ. ಹಿಂದೆ ಬರುತ್ತಿದ್ದದ್ದೂ ಡ್ರೈವರಿಲ್ಲದ ಟ್ಯಾಕ್ಸಿಯೇ. ನನ್ನ ಕಾಲಿನಿಂದ ಒಂದು ಸೈಕಲ್ಲಿನಷ್ಟು ದೂರದಲ್ಲಿ, ಸ್ವಲ್ಪವೂ ಕೀರಲು ಸದ್ದಿಲ್ಲದೆ ನಿಂತಿತು. ಮನುಷ್ಯರಾಗಿದ್ದರೆ ಅಷ್ಟು ಬೇಗ ನಿಲ್ಲಿಸುತ್ತಿದ್ದರೋ ಇಲ್ಲವೋ. ನಿಂತ ಮೇಲೆ ಇಳಿದು ಬರಲು ಅದರಲ್ಲಿ ಯಾರೂ ಇರಲಿಲ್ಲ. ದೀಪ ಮಿಟುಕಿಸುತ್ತ ಕಾಯಿತು.

"ಅಯ್ಯೋ ಸಿವ್ನೇ!"

ತೆರೆದ ಬಾಗಿಲಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಇಳಿದು ನನ್ನ ಹತ್ತಿರ ಓಡಿಬಂದರು. ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ರಬ್ಬರ್ ಚಪ್ಪಲಿ, ಹೆಗಲಿಗೆ ಟವೆಲ್ ತುಂಬಿದ ಚೀಲ. "ಸಾರಿ, ಸಾರಿ, ವೆರಿ ಸಾರಿ" ಎಂದರು.

"ಮೊದಲು ಬಾಗಿಲು ಹಾಕಿ. ಇನ್ನೊಂದು ಸೈಕಲ್ ಬರಬಹುದು" ಎಂದೆ. ನೋವಿನಲ್ಲಿ ಕನ್ನಡವೇ ಬಂದಿತ್ತು.

ಅವರು ಬಾಗಿಲು ಹಾಕುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ಕನ್ನಡದೋಳಾ? ಯಾವೂರವ್ವ ನಿಮ್ದು?"

"ಮೈಸೂರು."

"ನಮ್ದು ಮಂಡ್ಯದ ಪಕ್ಕ."

ನಡುರಸ್ತೆಯಲ್ಲಿ ಮಲಗಿಕೊಂಡು ಊರು ಹೇಳಿದ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟರಲ್ಲಿ ಕಾರಿನೊಳಗಿನ ಸ್ಪೀಕರಿನಿಂದ ಟ್ಯಾಕ್ಸಿ ಕಂಪನಿಯವರ ದನಿ ಇಂಗ್ಲಿಷಿನಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳತೊಡಗಿತು. "ಇರಪ್ಪ, ಮಗೀಗೆ ಪೆಟ್ಟಾಗ್ಯದೆ, ಆಮೇಲ್ ಮಾತಾಡು" ಎಂದು ಅವರು ಕಾರಿಗೆ ಗದರಿ, ಬಾಗಿಲು ಹಾಕಿ, ಟವೆಲಿನಿಂದ ನನ್ನ ಕೈಯನ್ನು ಮೊಣಕೈಯವರೆಗೆ ಬಿಗಿದು ಕಟ್ಟಿದರು.

ಈಜುಕೊಳದವರು ಐಸ್ ತಂದುಕೊಟ್ಟರು. ಆಸ್ಪತ್ರೆಗೆ ಹೊರಡುವವರೆಗೆ ನಾವಿಬ್ಬರೂ ಅಲ್ಲಿನ ಬೆಂಚಿನ ಮೇಲೆ ಕೂತೆವು. ಮಂಡಿನೋವಿಗೆಂದು ವಾರಕ್ಕೆ ಮೂರು ದಿನ ಅಲ್ಲಿ ವಯಸ್ಸಾದವರನ್ನು ಎದೆಮಟ್ಟದ ನೀರಿನಲ್ಲಿ ನಡೆಸುತ್ತಾರಂತೆ. ಹೇಳಿಕೊಡುವಾಕೆ ಕೈ ಎತ್ತಿದರೆ ಎಲ್ಲರೂ ಕೈ ಎತ್ತುತ್ತಾರಂತೆ, ಭಾಷೆ ಬೇಕಿಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಯಿಂದಲೇ ಫೋನಿನಲ್ಲಿ ಟ್ಯಾಕ್ಸಿ ಕಳಿಸುತ್ತಾಳೆ.

"ಡ್ರೈವರ್ ಇದ್ರೆ ಅವ್ನು ಏನಾರ ಕೇಳ್ತಾನೆ, ನಂಗೆ ಇಂಗ್ಲೀಸ್ ಬರಕಿಲ್ಲ. ಇದು ಏನೂ ಕೇಳಕಿಲ್ಲ, ಕರ್ಕಬಂದು ಬಿಡ್ತದೆ. ಈ ಊರಿಗೆ ಬಂದ್ಮೇಲೆ ನಾನು ಒಬ್ಳೇ ಆಚೆ ಬರೋದು ಇದೊಂದ್ಕೇಯ."

ನಾನು ತಲೆ ಆಡಿಸಿದೆ. ಯಾರೂ ಮಾತಾಡಿಸದ ದಾರಿಯ ಸುಖ ನನಗೆ ಗೊತ್ತಿತ್ತು.

"ಕಾರೊಳ್ಗೆ ಸಣ್ಣ ಟೀವಿ ಇರ್ತದಲ್ಲ" ಎಂದರು. "ಅದ್ರಲ್ಲಿ ಒಂದು ಸೈಕಲ್ ಗೊಂಬೆ ಬತ್ತಾ ಇತ್ತು. ಎಷ್ಟು ಚೆಂದಾಗ್ ಬತ್ತದೆ ಅಂತ ನೋಡ್ತಾ ಕೂತಿದ್ದೆ. ಅದು ನೀನೇನವ್ವ?"

"ನಾನೇ ಇರಬೇಕು, ಆಂಟಿ."

"ಏನೋ ಅಂತು ಕೂಡ. ಇಳ್ಕೊ ಅಂತದೆ ಅನ್ಕಂಡೆ."

ಇಳಿಯುವ ಮುನ್ನ ಸೈಕಲ್ ನೋಡಿಕೊಳ್ಳಿ ಎಂದು ಕಾರು ಎಚ್ಚರಿಸುತ್ತದೆ. ಇಂಗ್ಲಿಷಿನಲ್ಲಿ.

ಎಡ ಮಣಿಕಟ್ಟಿನ ಒಂದು ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಬಟ್ಟೆ ತೊಡುವುದು, ಕೂದಲು ಕಟ್ಟುವುದು, ಪ್ರಯೋಗಾಲಯದಲ್ಲಿ ಕೈಗವಸು ಹಾಕಿಕೊಳ್ಳುವುದು ಎಲ್ಲಕ್ಕೂ ಯಾರನ್ನಾದರೂ ಕೇಳಬೇಕಾಗಿ ಬಂದು, ದಿನದ ಕೊನೆಗೆ ಕೈಗಿಂತ ಮಾತು ನೋಯುತ್ತಿತ್ತು.

ಮೂರನೆಯ ದಿನ ಟ್ಯಾಕ್ಸಿ ಕಂಪನಿಯಿಂದ ಇ-ಮೇಲ್ ಬಂತು, ಒಂದು ಫಾರಂ ಸಮೇತ. ಆರನೆಯ ಪ್ರಶ್ನೆ: ಬಾಗಿಲು ತೆರೆದವರು ಯಾರು? ಪ್ರಯಾಣಿಕರು, ಗೊತ್ತಿಲ್ಲ, ಯಾರೂ ಇಲ್ಲ. ಮೂರರಲ್ಲಿ ಒಂದನ್ನು ಆರಿಸಬೇಕು. ಕೆಳಗೆ ವಿವರಣೆಗೆ ಪುಟ್ಟ ಜಾಗ.

ಶನಿವಾರ ಆಂಟಿ ಮಗಳ ಜೊತೆ ನಮ್ಮ ಮನೆಗೆ ಬಂದರು. ಕ್ಯಾರಿಯರಿನಲ್ಲಿ ಮುದ್ದೆ, ಬಸ್ಸಾರು. "ಮುದ್ದೆ ಉಣ್ಣಕೆ ಬಲಗೈ ಇದ್ರೆ ಸಾಕು. ಅದನ್ನ ಉಳ್ಸಿವ್ನಿ ನಿಂಗೆ" ಎಂದು ಆಂಟಿ ನಕ್ಕರು. ಮಗಳು ನಗಲಿಲ್ಲ. ನನ್ನ ಪ್ಲಾಸ್ಟರನ್ನು ನರ್ಸಿನ ಕಣ್ಣಿನಿಂದ ನೋಡಿ, ಬೆರಳುಗಳನ್ನು ಒತ್ತಿ ನೋಡಿ, ಆಮೇಲೆ ವಿಷಯಕ್ಕೆ ಬಂದರು.

"ನಿಮಗೂ ಫಾರಂ ಬಂದಿರುತ್ತೆ ಅಲ್ವಾ? ನನಗೂ ಬಂದಿದೆ. ಅಕೌಂಟ್ ನಂದಲ್ವಾ."

"ಬಂದಿದೆ."

"ಪ್ಯಾಸೆಂಜರ್ ಡೋರ್ ತೆಗೆದ್ರು ಅಂತ ನೀವು ಬರೆದ್ರೆ ಅಕೌಂಟ್ ಸ್ಟಾಪ್ ಮಾಡ್ತಾರೆ. ಅಮ್ಮಂದು ಬೇರೆ ವಿಸಿಟರ್ ವೀಸಾ. ಯಾವ ರೆಕಾರ್ಡ್‌ನಲ್ಲೂ ಹೆಸರು ಬರೋದು ಬೇಡ ಅಂತ ನಮ್ಮನೆಯವರು ಹೇಳ್ತಿದಾರೆ. ಗೊತ್ತಿಲ್ಲ ಅಂತ ಒಂದು ಟಿಕ್ ಹಾಕ್ಬಿಡಿ ಪ್ಲೀಸ್. ಬಾಗಿಲು ತಾನಾಗೇ ತೆರ್ಕೊಂಡಿರಬಹುದಲ್ವಾ?"

"ತಾನಾಗೇ ತಕ್ಕಳಕೆ ಅದೇನು ದೆವ್ವದ ಮನೇನಾ?" ಎಂದರು ಆಂಟಿ. "ನಾನೇ ತಗ್ದಿದ್ದು. ಈ ಮಗ ಕಣ್ಣಾರೆ ನೋಡ್ಯದೆ."

"ಅಮ್ಮಾ, ನೀನ್ ಸುಮ್ನಿರು. ಅಕೌಂಟ್ ಹೋದ್ರೆ ನಿನ್ನ ಪೂಲೂ ಬಂದ್. ನನ್ನ ಶಿಫ್ಟ್ ಬಿಟ್ಟು ನಿನ್ನ ಡ್ರಾಪ್ ಮಾಡೋರು ಯಾರು?"

ಹುಡುಗಿಯಾಗಿದ್ದಾಗ ನಾಲೆಯಲ್ಲಿ ಈಜುತ್ತಿದ್ದೆ, ಮದುವೆಯಾದ ಮೇಲೆ ನೀರಿಗಿಳಿದದ್ದು ಇಲ್ಲೇ ಎಂದು ಆಂಟಿ ಅಂದು ಬೆಂಚಿನ ಮೇಲೆ ಹೇಳಿದ್ದರು. ಈಗ ಸೆರಗಿನ ಅಂಚನ್ನು ಮಡಿಸುತ್ತ, ನನ್ನನ್ನು ನೋಡದೆ ಕೂತರು. ಮಗಳು ಕೇಳಿದ್ದಕ್ಕಿಂತ ಇದು ನನಗೆ ಹೆಚ್ಚು ಕಷ್ಟವಾಯಿತು.

"ನೀವು ಎಡಗಡೆ ಏಕೆ ಇಳಿದಿರಿ, ಆಂಟಿ?" ಎಂದು ಕೇಳಿದೆ. ಕೆಲಸದ ಅಭ್ಯಾಸ.

"ಮತ್ತಿನ್ಯಾವ್ ಕಡೆ ಇಳೀಲಿ? ಹುಟ್ಟಿದಾಗ್ನಿಂದ ಎಡಗಡೆಗೇ ಇಳ್ದಿರೋದು. ನಮ್ಮ ಆಟೋಗೆ ಬಲಗಡೆ ಕಂಬಿ ಹಾಕಿರಕಿಲ್ವಾ? ಇಳಿಯವಾ ಅಂದ್ರೂ ಆಗಕಿಲ್ಲ."

ನಾನು ಉಣ್ಣುವುದನ್ನು ನಿಲ್ಲಿಸಿದೆ. ನಮ್ಮಲ್ಲಿ ವಾಹನಗಳು ಎಡಕ್ಕೆ ಓಡುತ್ತವೆ, ಎಡಕ್ಕೆ ಇಳಿಯುವುದೇ ಸರಿ. ಇಲ್ಲಿ ಎಲ್ಲವೂ ಕನ್ನಡಿಯೊಳಗಿನಂತೆ ತಿರುವುಮುರುವು. ಇಲ್ಲಿಗೆ ಬಂದ ಮೊದಲ ವರ್ಷ ರಸ್ತೆ ದಾಟುವಾಗ ನಾನೂ ತಪ್ಪು ಕಡೆ ನೋಡುತ್ತಿದ್ದೆ. ಮೈಸೂರಿನಲ್ಲಿ ನೂರಾರು ಸಲ ಆಟೋದಲ್ಲಿ ಕೂತು ಆ ಕಂಬಿಗೆ ಮೊಣಕೈ ಊರಿದ್ದೇನೆ. ಅದು ಏಕಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸುಳ್ಳು ಬರೆಯೋದಕ್ಕೆ ನನ್ನಿಂದ ಆಗಲ್ಲ" ಎಂದೆ ಮಗಳಿಗೆ. "ಆದರೆ ತಪ್ಪು ನಿಮ್ಮ ಅಮ್ಮಂದು ಅಂತ ಬರೆಯಲ್ಲ."

"ಎರಡೂ ಒಂದೇ ಅಲ್ವಾ?" ಎಂದರು ಅವರು, ಕ್ಯಾರಿಯರ್ ಮುಚ್ಚುತ್ತ. ಅವರ ದನಿಯಲ್ಲಿ ಕೋಪಕ್ಕಿಂತ ಸುಸ್ತು ಇತ್ತು. ರಾತ್ರಿಪಾಳಿ ಮುಗಿಸಿ ಬಂದಿದ್ದರು.

ಭಾನುವಾರ ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಆರನೆಯ ಪ್ರಶ್ನೆಗೆ 'ಪ್ರಯಾಣಿಕರು'. ಕೆಳಗಿನ ಪುಟ್ಟ ಜಾಗದಲ್ಲಿ ಹಿಡಿಸುವಷ್ಟು ಬರೆದೆ. ಸೈಕಲ್ ಬರುತ್ತಿರುವುದು ಕಾರಿಗೆ ಗೊತ್ತಿತ್ತು, ಪರದೆಯ ಮೇಲೆ ತೋರಿಸಿತ್ತು. ಎಚ್ಚರಿಕೆಯನ್ನು ಪ್ರಯಾಣಿಕರಿಗೆ ತಿಳಿಯದ ಭಾಷೆಯಲ್ಲಿ ಹೇಳಿತು. ಗೊತ್ತಿದ್ದೂ ಎಡಗಡೆಯ ಬಾಗಿಲಿನ ಚಿಲಕವನ್ನು ತೆರೆಯಲು ಬಿಟ್ಟಿತು. ಸೈಕಲ್ ದಾಟುವವರೆಗೆ ಆ ಬಾಗಿಲು ತೆರೆಯದಂತೆ ಮಾಡಿದ್ದರೆ ಸಾಕಿತ್ತು. ನಮ್ಮ ಊರಿನ ಮೂರು ಗಾಲಿಯ ಬಾಡಿಗೆ ಗಾಡಿಗಳಲ್ಲಿ ವಾಹನ ಓಡಾಡುವ ಕಡೆಗೆ ಒಂದು ಕಬ್ಬಿಣದ ಕಂಬಿ ಇರುತ್ತದೆ. ಅಷ್ಟಕ್ಕೆ ಜಾಗ ಮುಗಿಯಿತು.

ಎರಡು ವಾರದ ಮೇಲೆ ಉತ್ತರ ಬಂತು. ನನ್ನ ಅನಿಸಿಕೆ ಅವರಿಗೆ ಅಮೂಲ್ಯವಂತೆ. ಅದೇ ದಿನ ಆಂಟಿಯ ಮಗಳ ಮೆಸೇಜು: ಅಕೌಂಟ್ ಹೋಲ್ಡ್ ಮಾಡಿದಾರೆ, ಪರವಾಗಿಲ್ಲ.

ಆ 'ಪರವಾಗಿಲ್ಲ' ನನ್ನನ್ನು ಎರಡು ದಿನ ಬಿಡಲಿಲ್ಲ. ಬರೆದದ್ದರಲ್ಲಿ ಒಂದಕ್ಷರ ಬದಲಿಸಬೇಕೆಂದು ಅನ್ನಿಸಲಿಲ್ಲ. ಆದರೆ ನಾನು ಬಾಗಿಲ ಬಗ್ಗೆ ಬರೆದೆ, ಕಂಪನಿಯವರು ಓದಿದ್ದು ಆರನೆಯ ಪ್ರಶ್ನೆಯನ್ನು ಮಾತ್ರ. ಆಂಟಿ ಮನೆಯೊಳಗೆ ಕೂತಿದ್ದರು. ಮೂರನೆಯ ದಿನ, ನನ್ನ ಸ್ವಭಾವಕ್ಕೆ ವಿರುದ್ಧವಾಗಿ, ನಾನೇ ಮಗಳಿಗೆ ಫೋನ್ ಮಾಡಿದೆ. ನಿಮ್ಮ ಮನೆಯ ಮುಂದಿನಿಂದ ಈಜುಕೊಳಕ್ಕೆ ಒಂದೇ ಬಸ್ಸು, ಹನ್ನೊಂದು ಸ್ಟಾಪು, ಎರಡು ಶನಿವಾರ ನಾನು ಜೊತೆಗೆ ಬರುತ್ತೇನೆ ಎಂದೆ.

"ಬಸ್ಸಲ್ಲಿ ಅಮ್ಮ ಒಬ್ರೇನಾ? ನೋ ನೋ" ಎಂದರು ಮಗಳು.

ಹಿಂದಿನಿಂದ ಆಂಟಿಯ ದನಿ ಕೇಳಿಸಿತು. "ಮಂಡ್ಯದಿಂದ ಬೆಂಗ್ಳೂರ್‌ಗಂಟ ನಿಂತ್ಕಂಡ್ ಹೋಗಿರೋಳು ಕಣಮ್ಮಿ ನಾನು! ಕೊಡಿಲ್ಲಿ ಫೋನ."

ಮೊದಲ ಶನಿವಾರ ಅವರು ಸ್ಟಾಪುಗಳನ್ನು ಬೆರಳಲ್ಲಿ ಎಣಿಸಿ ಏಳರ ಹತ್ತಿರ ತಪ್ಪಿದರು. ಎರಡನೆಯ ಸಲ ಎಣಿಸಲಿಲ್ಲ. ಬಟ್ಟೆ ಒಗೆಯುವ ಅಂಗಡಿ, ಗೋಡೆಯ ಮೇಲೆ ಬರೆದ ದೊಡ್ಡ ಮೀನು, ಆಮೇಲೆ ನನ್ನ ಸ್ಟಾಪು ಎಂದು ಗುರುತು ಇಟ್ಟುಕೊಂಡರು. ಡ್ರೈವರ್ ಅವರು ಮಂಡಿ ಹಿಡಿದುಕೊಂಡದ್ದು ನೋಡಿ, ಕೇಳದೆಯೇ ಬಸ್ಸಿನ ಮೆಟ್ಟಿಲನ್ನು ನೆಲಕ್ಕೆ ತಗ್ಗಿಸಿದಳು. ಏನೋ ಹೇಳಿದಳು ಕೂಡ. ಆಂಟಿ "ಊಂ, ಊಂ" ಎಂದರು. ಇಬ್ಬರಿಗೂ ಅಷ್ಟು ಸಾಕಾದಂತಿತ್ತು.

ಇಳಿದ ಮೇಲೆ ಹಿಂತಿರುಗಿ, ಕಿಟಕಿಗಳ ಮೂಲಕ ಬಸ್ಸಿನ ಆಚೆ ಬದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇದ್ಕೆ ಎಡಗಡೆ ಬಾಗ್ಲೇ ಇಲ್ವಲ್ಲ! ತಪ್ಪು ಮಾಡವಾ ಅಂದ್ರೂ ಆಗಕಿಲ್ಲ."

"ಅದನ್ನೇ ನಾನು ಅವರಿಗೆ ಬರೆದಿದ್ದು" ಎಂದೆ.

"ನೀನ್ಯಾಕೆ ಬರೀತಿ, ಅವ್ರೇ ಒಂದಿನ ಬಸ್ ಹತ್ಲಿ" ಎಂದು ಟವೆಲಿನ ಚೀಲ ಹೆಗಲಿಗೇರಿಸಿ ಒಳಗೆ ಹೋದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಸೈಕಲ್ ಹತ್ತಿದ್ದೇನೆ. ಮಣಿಕಟ್ಟು ಬೆಳಗಿನ ಚಳಿಗೆ ಬಿಗಿಯುತ್ತದೆ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರದಲ್ಲಿ ಹೋಗುತ್ತೇನೆ, ಹಾಗೆ ಹೋದರೆ ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ. ಪ್ರತಿಯೊಂದು ಕಾರಿನ ಎಡಗಡೆಯ ಹಿಡಿಯನ್ನೂ ನೋಡುತ್ತ ಹೋಗುವುದರಿಂದ, ನಿಲ್ದಾಣ ತಲುಪುವಷ್ಟರಲ್ಲಿ ಅರ್ಧ ದಿನ ಕೆಲಸ ಮಾಡಿದಷ್ಟು ದಣಿದಿರುತ್ತೇನೆ.

ಕಳೆದ ಮಂಗಳವಾರ ಈಜುಕೊಳದ ಸ್ಟಾಪಿನಲ್ಲಿ ನನ್ನ ಮುಂದೆ ಬಸ್ಸು ಸೈಕಲ್ ದಾರಿಗೆ ಅಡ್ಡವಾಗಿ ನಿಂತಿತು. ಎಡದಿಂದ ದಾಟಿ ಹೋಗಬಹುದಿತ್ತು. ಮೆಟ್ಟಿಲು ತಗ್ಗುವ ಉಸಿರಿನಂಥ ಸದ್ದು ಕೇಳಿ ಒಂದು ಕಾಲು ನೆಲಕ್ಕೂರಿದೆ. ಮೊದಲು ರಬ್ಬರ್ ಚಪ್ಪಲಿಯ ಒಂದು ಪಾದ, ಬಹಳ ಹೊತ್ತಿನ ಮೇಲೆ ಇನ್ನೊಂದು. ಅವರು ಫುಟ್‌ಪಾತಿನ ಮೇಲೆ ನಿಂತು, ಡ್ರೈವರಿಗೆ ಕೈಯೆತ್ತಿ, ಸೀರೆ ಸರಿಮಾಡಿಕೊಂಡು ಒಳಗೆ ನಡೆದರು. ನಾನು ಕೂಗಿ ಕರೆಯಲಿಲ್ಲ. ಬಸ್ಸು ಹೊರಟ ಮೇಲೆ ಹೊರಟೆ. ರೈಲು ಹೋಗಿಬಿಟ್ಟಿತ್ತು, ಮುಂದಿನದಕ್ಕೆ ಕಾದೆ.